ಕರೆಂಟು ಹೋದಾಗ ಯಾರನ್ನು ಕೇಳುವುದು?

ಆಟಿ ತಿಂಗಳ ಒಂದು ಸಂಜೆ. ಮೂರು ದಿನದಿಂದ ಬಿಡದೆ ಮಳೆ. ಬೆಳ್ಳಾರೆಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ನಮ್ಮ ಮನೆಗೆ ಸೋದರಮಾವ ಬಂದಿದ್ದರು. ಹಲಸಿನ ಹಪ್ಪಳ ತಿಂದು, ಕಾಫಿ ಕುಡಿದು ಜಗಲಿಯಲ್ಲಿ ಕೂತಿದ್ದೆವು. ಏಳು ಗಂಟೆಯ ಹೊತ್ತಿಗೆ ಗುಡ್ಡೆಯ ಕಡೆಯಿಂದ ಮರ ಮುರಿದ ಸದ್ದು ಕೇಳಿತು. ದೀಪ ಒಮ್ಮೆ ಮಿಣುಕಿ ಮತ್ತೆ ಉರಿಯಿತು. ನಾವು ಮಾತು ಮುಂದುವರಿಸಿದೆವು.

ಸ್ವಲ್ಪ ಹೊತ್ತಿನ ಮೇಲೆ ಮಾವ ಕೇಳಿದರು, "ಕರೆಂಟು ಹೋಗಿ ಅರ್ಧ ಗಂಟೆ ಆಯ್ತಲ್ಲ, ಯಾರೂ ಫೋನ್ ಮಾಡುವುದಿಲ್ಲವಾ?"

"ಇನ್ವರ್ಟರ್ ಉಂಟಲ್ಲ ಮಾವ, ಬೆಳಿಗ್ಗೆವರೆಗೆ ತೊಂದರೆ ಇಲ್ಲ" ಎಂದೆ.

"ಗುಡ್ಡೆ ಆಚೆ ಮನೆಯವರಿಗೆ?"

ನಾನು ಉತ್ತರ ಕೊಡಲಿಲ್ಲ. ಆಚೆ ಆರು ಮನೆಗಳಿವೆ. ಇನ್ವರ್ಟರ್ ಇರುವುದು ಎರಡರಲ್ಲಿ ಮಾತ್ರ. ಮಾವ ನಕ್ಕು ಹೇಳಿದರು, "ಹಾಗಾದರೆ ನಿಮ್ಮ ಮನೆಯಲ್ಲಿ ಕರೆಂಟಿನ ಖಾಸಗೀಕರಣ ಆಗಿ ಮುಗಿದಿದೆ ಮಾರಾಯ. ಸರಕಾರ ಮಾಡಲಿಕ್ಕೆ ಇನ್ನೆಂತ ಬಾಕಿ ಉಂಟು?"

ತಮಾಷೆಗೆ ಹೇಳಿದ ಈ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಖಾಸಗೀಕರಣದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇತ್ತು. ಕಾಲೇಜಿನಲ್ಲಿ ಚರ್ಚಾಕೂಟಗಳಲ್ಲಿ ಅದರ ವಿರುದ್ಧ ಮಾತಾಡಿ ಬಹುಮಾನವನ್ನೂ ಪಡೆದಿದ್ದೇನೆ. ಆದರೆ ಅದು ದೆಹಲಿಯಲ್ಲಿಯೋ ಬೆಂಗಳೂರಿನಲ್ಲಿಯೋ ಆಗುವ ಸಂಗತಿ ಎಂದೇ ತಿಳಿದಿದ್ದೆ. ನಮ್ಮ ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ, ಬ್ಯಾಟರಿಯ ರೂಪದಲ್ಲಿ ಅದು ಕೂತಿರಬಹುದು ಎಂದು ಯೋಚಿಸಿರಲಿಲ್ಲ.

ಮಾವ ಇಪ್ಪತ್ತನಾಲ್ಕು ವರ್ಷ ಸೇನೆಯಲ್ಲಿದ್ದು ನಿವೃತ್ತರಾದವರು. ದಂಡುಪ್ರದೇಶದ ಕ್ವಾರ್ಟರ್ಸಿನಲ್ಲಿ ಬಲ್ಬು ಉರಿಯದಿದ್ದರೆ ಕೇಳಬೇಕಾದದ್ದು ಎಂ.ಇ.ಎಸ್. ಅನ್ನು, ಅಂದರೆ ಮಿಲಿಟರಿ ಎಂಜಿನಿಯರ್ ಸರ್ವೀಸಸ್ ಅನ್ನು. ಹೊರಗಿನಿಂದ ಸಗಟಾಗಿ ವಿದ್ಯುತ್ ತಂದು ಒಳಗೆ ಹಂಚುವುದು, ನೀರು ಬಿಡುವುದು, ಕಟ್ಟಡ ನೋಡಿಕೊಳ್ಳುವುದು ಎಲ್ಲ ಅವರ ಕೆಲಸ. ಮಾವನ ನೆನಪಿನಲ್ಲಿ ಅದು ಆದರ್ಶ ವ್ಯವಸ್ಥೆಯೇನಲ್ಲ. ದೂರು ಪುಸ್ತಕದಲ್ಲಿ ಬರೆದು ವಾರಗಟ್ಟಲೆ ಕಾದದ್ದೂ ಉಂಟಂತೆ. "ಆದರೆ ಯಾರನ್ನು ಕೇಳಬೇಕು ಅಂತ ಗೊತ್ತಿತ್ತು. ಅವನೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ, ನಾವೂ ಹೋಗುವ ಹಾಗಿರಲಿಲ್ಲ" ಎಂದರು.

2020ರ ಮೇ ತಿಂಗಳಲ್ಲಿ ಇದೇ ಎಂ.ಇ.ಎಸ್.ನಲ್ಲಿ 9,304 ಹುದ್ದೆಗಳನ್ನು ರದ್ದುಮಾಡಲು ರಕ್ಷಣಾ ಸಚಿವಾಲಯ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆಧಾರವಾದದ್ದು ಶೇಕಟ್ಕರ್ ಸಮಿತಿಯ ಶಿಫಾರಸು: ಕೆಲಸದ ಒಂದು ಭಾಗವನ್ನು ಇಲಾಖೆಯ ನೌಕರರು ಮಾಡಲಿ, ಉಳಿದದ್ದನ್ನು ಹೊರಗುತ್ತಿಗೆಗೆ ಕೊಡಬಹುದು ಎಂದು. ಅಮೆರಿಕದವರು ಈ ದಾರಿಯಲ್ಲಿ ಬಹಳ ಮುಂದೆ ಹೋಗಿದ್ದಾರೆ. ಸೇನಾ ನೆಲೆಯ ಒಳಗಿನ ವಿದ್ಯುತ್ ಜಾಲ, ನೀರಿನ ಕೊಳವೆ, ಚರಂಡಿ ವ್ಯವಸ್ಥೆಗಳನ್ನೇ ಹೊರಗಿನ ಕಂಪೆನಿಗಳಿಗೆ ಹಸ್ತಾಂತರಿಸಲು ಅಲ್ಲಿ 1990ರ ದಶಕದ ಕೊನೆಯಿಂದ ಕಾನೂನಿದೆ. ನೆಲ ಸೇನೆಯದೇ, ಕಂಬ ಮತ್ತು ತಂತಿ ಕಂಪೆನಿಯದು. ಒಪ್ಪಂದ ಐವತ್ತು ವರ್ಷದವರೆಗೂ ಇರಬಹುದು. ಯಾವ ಸೈನಿಕನ ಸೇವಾವಧಿಯೂ ಅಷ್ಟು ಉದ್ದ ಇರುವುದಿಲ್ಲ.

ಇದನ್ನು ಮೊದಲು ಓದಿದಾಗ ನನಗೆ ಕಸಿವಿಸಿಯಾಯಿತು. ದೇಶ ಕಾಯುವ ಜಾಗದ ದೀಪದ ಸ್ವಿಚ್ಚು ಇನ್ನೊಬ್ಬನ ಕೈಯಲ್ಲಿ ಇರುವುದೇ ಎಂದು. ಆಮೇಲೆ ಹೊಳೆಯಿತು, ಈ ಕಸಿವಿಸಿಯನ್ನೇ ಪರೀಕ್ಷಿಸಬೇಕು. ಸೇನಾ ನೆಲೆಯ ಕರೆಂಟನ್ನು ಮಾರಿದರೆ ತಪ್ಪು ಅನ್ನಿಸುವವನಿಗೆ, ಗುಡ್ಡೆ ಆಚೆಯ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯ ಕರೆಂಟನ್ನು ಮಾರಿದರೆ ಯಾಕೆ ಅಷ್ಟೇ ತಪ್ಪು ಅನ್ನಿಸುವುದಿಲ್ಲ? ಅನಿವಾರ್ಯ ಎಂಬುದು ರಾಡಾರಿಗೆ ಮಾತ್ರವೇ?

ಮಾರುವವರ ವಾದವನ್ನೂ ಕೇಳಬೇಕು. ಅದು ನಾನು ಅಂದುಕೊಂಡಷ್ಟು ಸರಳವಲ್ಲ. ಸೇನೆಯ ಬಜೆಟಿನಲ್ಲಿ ಬಂದೂಕಿಗೆ, ವಿಮಾನಕ್ಕೆ, ಸಂಬಳಕ್ಕೆ ಮೊದಲ ಪಾಲು. ಹಳೆಯ ಟ್ರಾನ್ಸ್‌ಫಾರ್ಮರ್ ಬದಲಿಸುವುದು ಯಾವಾಗಲೂ ಮುಂದಿನ ವರ್ಷದ ಕೆಲಸ. ಹೀಗೆ ಮುಂದೂಡುತ್ತ ಹೋಗಿ ತಂತಿ ಜೋತುಬಿದ್ದು, ಕಂಬ ತುಕ್ಕು ಹಿಡಿಯುತ್ತದೆ. ಜಾಲವನ್ನು ಕಂಪೆನಿಗೆ ಕೊಟ್ಟರೆ ನಿರ್ವಹಣೆಯ ಖರ್ಚು ತಿಂಗಳ ಬಿಲ್ಲಾಗಿ ಬರುತ್ತದೆ, ಬಿಲ್ಲನ್ನು ಮುಂದೂಡಲಾಗದು. ಅಂದರೆ ನಮಗೆ ನಾವೇ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದಿಲ್ಲ ಎಂದು ಗೊತ್ತಿರುವವರು, ಪರರಿಗೆ ಮಾತು ಕೊಟ್ಟು ತಮ್ಮನ್ನು ಕಟ್ಟಿಹಾಕಿಕೊಳ್ಳುವ ಉಪಾಯ ಇದು. ಸಿಗರೇಟು ಬಿಡಲಾಗದವನು ತನ್ನ ಸಂಬಳವನ್ನು ಹೆಂಡತಿಯ ಕೈಗೆ ಕೊಟ್ಟ ಹಾಗೆ.

ಇದು ದೌರ್ಬಲ್ಯದ ಒಪ್ಪಿಗೆ. ಆದರೆ ಪ್ರಾಮಾಣಿಕವಾದ ಒಪ್ಪಿಗೆ. ಸಾರ್ವಜನಿಕವಾದದ್ದೆಲ್ಲ ತಾನಾಗಿಯೇ ಜನರಿಗೆ ಸಲ್ಲುತ್ತದೆ ಎಂದು ನಂಬಿದ ನನ್ನಂಥವರಿಗೆ ಇದಕ್ಕೆ ಸುಲಭದ ಉತ್ತರವಿಲ್ಲ. ನಮ್ಮ ನಾಡಿನ ಮೊದಲ ದೊಡ್ಡ ಜಲವಿದ್ಯುತ್ತನ್ನೇ ನೋಡಿ. 1902ರಲ್ಲಿ ಶಿವನಸಮುದ್ರದಲ್ಲಿ ಮೈಸೂರು ಸರಕಾರ ಉತ್ಪಾದಿಸಿದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪೆನಿಯ ಯಂತ್ರಗಳಿಗೆ. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು 1905ರಲ್ಲಿ. ಹಳ್ಳಿಗಳ ಸರದಿ ಬರಲು ಇನ್ನೂ ದಶಕಗಳು ಬೇಕಾದವು. ಯಂತ್ರ ಸರಕಾರದ್ದಾದ ಮಾತ್ರಕ್ಕೆ ಬೆಳಕು ಬಡವನದಾಗಲಿಲ್ಲ.

ಹಾಗೆಂದು ಇತಿಹಾಸ ಅಲ್ಲಿಗೇ ನಿಲ್ಲುವುದಿಲ್ಲ. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಬಂತು. ನಮ್ಮ ಅಜ್ಜನ ಬಾಯಲ್ಲಿ ಅದು ಕೊನೆಯವರೆಗೂ 'ಕೆ.ಇ.ಬಿ.'. 1999ರ ಸುಧಾರಣಾ ಕಾಯ್ದೆಯ ನಂತರ ಮಂಡಳಿ ಕರಗಿ ನಿಗಮವಾಯಿತು. 2002ರ ಜೂನಿನಲ್ಲಿ ವಿತರಣೆ ಬೇರೆಯಾಗಿ ನಮ್ಮ ಭಾಗಕ್ಕೆ ಮೆಸ್ಕಾಂ ಬಂತು. ಹೆಸರಿನಲ್ಲಿ ಕಂಪೆನಿ, ಒಡೆತನ ಸರಕಾರದ್ದು. ಮಂಡಳಿಯನ್ನು ಕಂಪೆನಿ ಮಾಡುವುದು ಮಾರಾಟದ ಮೊದಲ ಮೆಟ್ಟಿಲು ಎಂದು ಆಗ ಹಲವರು ಅಂದಿದ್ದರು. ಇಪ್ಪತ್ತು ವರ್ಷ ಕಳೆದರೂ ಎರಡನೆಯ ಮೆಟ್ಟಿಲು ಏರಿಲ್ಲ. ಆದರೆ ಏಣಿಯನ್ನು ತೆಗೆದೂ ಇಟ್ಟಿಲ್ಲ. 2022ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ವಿದ್ಯುತ್ ತಿದ್ದುಪಡಿ ಮಸೂದೆ, ಒಂದೇ ಪ್ರದೇಶದಲ್ಲಿ ಹಲವು ಕಂಪೆನಿಗಳು ಇರುವ ತಂತಿಯನ್ನೇ ಬಳಸಿ ವಿದ್ಯುತ್ ಮಾರಲು ಅವಕಾಶ ಕೊಡಲು ಹೊರಟಿತ್ತು. ವಿರೋಧ ಬಂದು ಸ್ಥಾಯಿ ಸಮಿತಿಗೆ ಹೋಯಿತು.

ಅಂಥ ವ್ಯವಸ್ಥೆ ಬಂದರೆ ಹೊಸ ಕಂಪೆನಿ ಮೊದಲು ಎಲ್ಲಿಗೆ ಬರುತ್ತದೆ? ಪುತ್ತೂರು ಪೇಟೆಗೆ, ಅಂಗಡಿ ಸಾಲಿಗೆ, ಆಸ್ಪತ್ರೆಗೆ, ಸುಬ್ರಹ್ಮಣ್ಯದ ವಸತಿಗೃಹಗಳಿಗೆ. ಹತ್ತಿರ ಹತ್ತಿರ ಮೀಟರು, ಸರಿಯಾಗಿ ಬರುವ ಹಣ. ಕಡಬದ ಒಳಗಿನ ಕಾಡಂಚಿನ ಮನೆಗೆ, ಹತ್ತು ಕಂಬಕ್ಕೆ ಒಂದು ಮೀಟರು ಇರುವ ಕಡೆಗೆ ಯಾಕೆ ಬರುತ್ತದೆ? ಇಂದು ಪೇಟೆಯ ವಾಣಿಜ್ಯ ಬಿಲ್ಲಿನ ಹೆಚ್ಚಿನ ದರ ಒಳಹಳ್ಳಿಯ ಕಂಬದ ಖರ್ಚನ್ನು ಸ್ವಲ್ಪ ಹೊರುತ್ತದೆ. ನಮ್ಮ ತೋಟದ ಹತ್ತು ಎಚ್.ಪಿ. ಒಳಗಿನ ಪಂಪಿಗೆ ಬಿಲ್ಲಿಲ್ಲದಿರುವುದು ಸರಕಾರದ ಸಹಾಯಧನದಿಂದ. ಬೇಸಿಗೆಯಲ್ಲಿ ಅಡಿಕೆಗೆ ಸ್ಪ್ರಿಂಕ್ಲರ್ ತಿರುಗುವುದು ಯಾರೋ ಕೊಡುವ ಹಣದಲ್ಲಿ. ಇದನ್ನು ನಾವು ಹಕ್ಕು ಎನ್ನುತ್ತೇವೆ, ಕೊಡುವವರು ಹೊರೆ ಎನ್ನುತ್ತಾರೆ.

ಖಾಸಗಿಯಿಂದ ಒಳ್ಳೆಯದಾಗಿಲ್ಲ ಎಂದರೆ ಸುಳ್ಳಾಗುತ್ತದೆ. 2002ರಲ್ಲಿ ದೆಹಲಿಯ ವಿತರಣೆ ಖಾಸಗಿಯವರ ಕೈಗೆ ಹೋದಾಗ ಅರ್ಧಕ್ಕರ್ಧ ವಿದ್ಯುತ್ ಸೋರಿಕೆ, ಕಳವು ಮತ್ತು ವಸೂಲಾಗದ ಬಿಲ್ಲಿನಲ್ಲಿ ಹೋಗುತ್ತಿತ್ತು. ಇಂದು ಆ ನಷ್ಟ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಆದರೆ ಒಡಿಶಾದ ಕಥೆ ಬೇರೆ. ಅಲ್ಲಿ 1999ರಲ್ಲಿ ವಿತರಣೆಯನ್ನು ಮಾರಿದರು. ಮಧ್ಯ ವಲಯವನ್ನು ಕೊಂಡದ್ದು ಅಮೆರಿಕದ ಎ.ಇ.ಎಸ್. ಕಂಪೆನಿ. ಕೆಲವೇ ವಾರಗಳಲ್ಲಿ, ಅಕ್ಟೋಬರ್ 29ರಂದು, ಮಹಾ ಚಂಡಮಾರುತ ಅಪ್ಪಳಿಸಿ ಸಾವಿರಾರು ಜನ ಸತ್ತರು, ವಿದ್ಯುತ್ ಜಾಲ ನೆಲಕ್ಕೊರಗಿತು. 2001ರಲ್ಲಿ ಕಂಪೆನಿ ಆಡಳಿತ ಬಿಟ್ಟು ಹೊರಟಿತು. ಹೋಗಲು ಅದಕ್ಕೆ ಬೇರೆ ಕಾರಣಗಳೂ ಇದ್ದವು: ಬಾಕಿ ಹಣ, ದರದ ಜಗಳ, ಸರಕಾರದ ಜೊತೆ ತಕರಾರು. ಲೆಕ್ಕದ ಪುಸ್ತಕದಲ್ಲಿ ಆ ಕಾರಣಗಳು ನ್ಯಾಯವೇ ಇದ್ದಿರಬಹುದು. ನನ್ನ ಪ್ರಶ್ನೆ ಅದಲ್ಲ. ಕಂಪೆನಿಗೆ ಹೋಗುವ ದಾರಿ ಇತ್ತು. ಕಟಕ್‌ನ ಹಳ್ಳಿಯವನಿಗೆ ಇರಲಿಲ್ಲ.

ನಮ್ಮ ಭಾಗದ ಕೃಷಿಕರಿಗೆ ಈ ಪಾಠವನ್ನು ಒಡಿಶಾ ಕಲಿಸಬೇಕಿಲ್ಲ. ಅಡಿಕೆ ತೋಟದ ನಡುವೆ ಕೊಕ್ಕೋ ನೆಡಿ, ನಾವು ಕೊಳ್ಳುತ್ತೇವೆ ಎಂದು ಖಾಸಗಿಯವರು ಹುರಿದುಂಬಿಸಿದ ಕಾಲವೊಂದಿತ್ತು. 1980ರ ಆಸುಪಾಸಿನಲ್ಲಿ ಜಾಗತಿಕ ಬೆಲೆ ಕುಸಿದಾಗ ಕೊಳ್ಳುವವರು ಹಿಂದೆ ಸರಿದರು. ಹಣ್ಣು ತೋಟದಲ್ಲೇ ಕೊಳೆಯಿತು, ಎಷ್ಟೋ ಜನ ಗಿಡ ಕಡಿದರು. ಆಗ ಕೊಳ್ಳಲು ಮುಂದೆ ಬಂದದ್ದು 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ಕಟ್ಟಿತು. ಕ್ಯಾಂಪ್ಕೊ ಯಾಕೆ ಬಿಟ್ಟುಹೋಗಲಿಲ್ಲ? ಅದರಲ್ಲಿದ್ದವರು ದೇವತೆಗಳಾದ್ದರಿಂದ ಅಲ್ಲ. ಅದರ ಸದಸ್ಯರ ತೋಟ ಇಲ್ಲೇ ಇತ್ತು. ಹೋಗುವುದಕ್ಕೆ ಅವರಿಗೆ ಬೇರೆ ಜಾಗವೇ ಇರಲಿಲ್ಲ.

ವಿದ್ಯುತ್ತಿನಲ್ಲೂ ಅಂಥದ್ದೊಂದು ನಮ್ಮ ರಾಜ್ಯದಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ವಿದ್ಯುತ್ ಹಂಚುತ್ತಿದೆ. ಗ್ರಾಹಕರೇ ಸದಸ್ಯರು. ಅಲ್ಲಿಯೂ ಚುನಾವಣೆ ಬಂದರೆ ದೊಡ್ಡ ರಾಜಕೀಯ ಮನೆತನಗಳು ಕಣಕ್ಕಿಳಿಯುತ್ತವೆ. ಸಹಕಾರ ಎಂಬ ಹೆಸರೂ ಮಂತ್ರವಲ್ಲ. ಆದರೂ ಸರಕಾರ ಇಲ್ಲವೇ ಖಾಸಗಿ, ಬೇರೆ ದಾರಿಯೇ ಇಲ್ಲ ಎನ್ನುವವರಿಗೆ ಅದನ್ನು ತೋರಿಸಬಹುದು.

ಇಷ್ಟರಲ್ಲಿ ನನಗೆ ಪ್ರಶ್ನೆ ಸ್ವಲ್ಪ ತಿಳಿಯಾಯಿತು. ಒಡೆಯ ಯಾರು ಎಂಬುದಕ್ಕಿಂತ ಮುಖ್ಯವಾದದ್ದು ಎರಡು: ಕಷ್ಟ ಬಂದಾಗ ಬಿಟ್ಟುಹೋಗಲು ಯಾರಿಗೆ ಸಾಧ್ಯ? ಬಿಟ್ಟುಹೋಗಲಾಗದವನ ಮಾತಿಗೆ ಯಾರು ಉತ್ತರ ಕೊಡಬೇಕು? ಕೆಲಸವನ್ನು ಹಣ ಕೊಟ್ಟು ಮಾಡಿಸಬಹುದು. ಕಂಬ ನೆಡಿಸಬಹುದು, ತಂತಿ ಎಳೆಸಬಹುದು, ಮೀಟರು ಓದಿಸಬಹುದು. ಉತ್ತರ ಕೊಡುವ ಹೊಣೆಯನ್ನು ಮಾತ್ರ ಹಾಗೆ ದಾಟಿಸಲಾಗದು. ಸೇನೆ ತನ್ನ ತಂತಿಯನ್ನು ಕಂಪೆನಿಗೆ ಕೊಟ್ಟರೂ ನೆಲೆಯಲ್ಲಿ ಕತ್ತಲಾದ ರಾತ್ರಿ ಕೈಕಟ್ಟಿ ನಿಲ್ಲಬೇಕಾದವನು ಕಮಾಂಡರೇ. ಅವನು ಒಪ್ಪಂದದ ಪುಟ ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. 2003ರ ವಿದ್ಯುತ್ ಕಾಯ್ದೆಯ 43ನೆಯ ಕಲಮು ಅರ್ಜಿ ಹಾಕಿದ ಮನೆಗೆ ಸಂಪರ್ಕ ಕೊಡುವುದು ಪರವಾನಗಿ ಪಡೆದವನ ಕರ್ತವ್ಯ ಎನ್ನುತ್ತದೆ, ಅವನು ಸರಕಾರವೇ ಇರಲಿ, ಖಾಸಗಿಯೇ ಇರಲಿ. ಕರ್ತವ್ಯ ಎಂಬ ಪದ ಕಾನೂನಿನಲ್ಲಿದೆ. ಆದರೆ ಆ ಪದಕ್ಕೆ ಜೀವ ಬರುವುದು ಯಾರಾದರೂ ಕೇಳಿದಾಗ ಮಾತ್ರ.

ಕೇಳುವವರು ಎಲ್ಲಿಗೆ ಹೋದರು? ಇಲ್ಲಿ ನನಗೆ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಶ್‌ಮನ್ 1970ರಲ್ಲಿ ಬರೆದ ಪುಸ್ತಕವೊಂದು ನೆನಪಾಗುತ್ತದೆ. ನೈಜೀರಿಯಾದ ರೈಲ್ವೆ ಕೆಟ್ಟುಹೋಗಿತ್ತು, ಲಾರಿಗಳ ಪೈಪೋಟಿ ಬಂದರೂ ಸುಧಾರಿಸಲಿಲ್ಲ. ಯಾಕೆ ಎಂದು ಅವನು ಯೋಚಿಸಿದ. ರೈಲಿನ ಬಗ್ಗೆ ಗಟ್ಟಿಯಾಗಿ ದೂರು ಹೇಳಬಲ್ಲವರೇ ಮೊದಲು ಲಾರಿಗೆ ಹೋಗಿಬಿಟ್ಟಿದ್ದರು. ಉಳಿದವರ ದನಿ ಯಾರಿಗೂ ಕೇಳಿಸಲಿಲ್ಲ. ಆಯ್ಕೆ ಹೆಚ್ಚಾದರೆ ಸೇವೆ ಸುಧಾರಿಸುತ್ತದೆ ಎಂಬ ಮಾತು ಯಾವಾಗಲೂ ನಿಜವಲ್ಲ. ಬಲವುಳ್ಳವರು ಹೊರಗೆ ಹೋಗಲು ದಾರಿ ಮಾಡಿಕೊಟ್ಟು, ಒಳಗಿನದು ನಿಶ್ಚಿಂತೆಯಿಂದ ಹಾಳಾಗಲೂಬಹುದು.

ಇದನ್ನು ಓದಿದಾಗ ನನಗೆ ಕಂಡದ್ದು ನಮ್ಮ ಇನ್ವರ್ಟರ್. ಮೊದಲೆಲ್ಲ ಕರೆಂಟು ಹೋದ ಐದು ನಿಮಿಷಕ್ಕೆ ಅಪ್ಪ ಫೋನ್ ಮಾಡುತ್ತಿದ್ದರು. ಲೈನ್‌ಮ್ಯಾನಿನ ಹೆಸರು, ಊರು, ಅವನ ಮಗಳು ಯಾವ ಕ್ಲಾಸು ಎಲ್ಲ ಗೊತ್ತಿತ್ತು. ನಮ್ಮ ಕಡೆ ಕಂಬ ಹತ್ತುವ ಹುಡುಗರಲ್ಲಿ ಹಲವರು ಬಯಲುಸೀಮೆಯಿಂದ ಬಂದವರು. ಅಪ್ಪ ಅವರನ್ನು ಕೂರಿಸಿ ಬೊಂಡ ಕೆತ್ತಿ ಕೊಡುತ್ತಿದ್ದರು. ಇನ್ವರ್ಟರ್ ಬಂದ ಮೇಲೆ ಆ ನಂಬರ್ ನನ್ನ ಮೊಬೈಲಿಗೆ ಬರಲೇ ಇಲ್ಲ. ಕರೆಂಟಿನ ಬಗ್ಗೆ ಊರಿನಲ್ಲಿ ಗಟ್ಟಿಯಾಗಿ ಮಾತಾಡಬಲ್ಲ ಮನೆ ನಮ್ಮದು. ನಾವು ಸುಮ್ಮನಾದೆವು. ಅಜ್ಜಿ ಒಬ್ಬರೇ ಕೇಳಿದರೆ ಎಷ್ಟು ಕೇಳಿಯಾರು?

ಆ ರಾತ್ರಿ ಮಾವನ ಒತ್ತಾಯಕ್ಕೆ ನಂಬರ್ ಹುಡುಕಿ ಫೋನ್ ಮಾಡಿದೆ. ಒಂಬತ್ತೂವರೆಗೆ ಟಾರ್ಚು ಹಿಡಿದು ಇಬ್ಬರು ಬಂದರು. ನಾವೂ ಕತ್ತಿ ಹಿಡಿದು ಜೊತೆಗೆ ಹೋದೆವು. ಕಾಡಿನೊಳಗೆ ಲೈನಿನ ಮೇಲೆ ದೊಡ್ಡ ಗೆಲ್ಲು ಬಿದ್ದಿತ್ತು. ಜಿಗಣೆ, ಕೆಸರು, ಸುರಿಯುವ ಮಳೆ. ಒಬ್ಬ ಖಾಯಂ ನೌಕರ. ಇನ್ನೊಬ್ಬ ಇಪ್ಪತ್ತೆರಡು ವರ್ಷದ ಹುಡುಗ, ಮಳೆಗಾಲಕ್ಕೆಂದು ತಾತ್ಕಾಲಿಕವಾಗಿ ತೆಗೆದುಕೊಂಡ ಗ್ಯಾಂಗ್‌ಮ್ಯಾನ್. ಮಳೆ ನಿಂತರೆ ಕೆಲಸವೂ ನಿಲ್ಲುತ್ತದೆ. ಅವನಿಗೆ ಪಿಂಚಣಿ ಇಲ್ಲ, ಮುಂದಿನ ವರ್ಷ ಕರೆಯುತ್ತಾರೆ ಎಂಬ ಖಾತ್ರಿ ಇಲ್ಲ. ಬಿಟ್ಟುಹೋಗುವುದಾದರೆ ಎಲ್ಲರಿಗಿಂತ ಮೊದಲು ಅವನೇ ಹೋಗಬಹುದಿತ್ತು. ಹನ್ನೊಂದೂಕಾಲಿಗೆ ಆಚೆ ಗುಡ್ಡೆಯಲ್ಲಿ ದೀಪ ಕಂಡಾಗ ಮೊದಲು ನಕ್ಕವನೂ ಅವನೇ.

ನನ್ನ ವಾದವೆಲ್ಲ ಅಲ್ಲಿ ಒಮ್ಮೆ ಅಲುಗಾಡಿತು. ಹೊಣೆ ಎಂಬುದು ಸಂಸ್ಥೆಯ ಸ್ವರೂಪದಿಂದ ತಾನಾಗಿ ಹುಟ್ಟುವುದಾದರೆ, ಅದರ ಅಂಚಿನಲ್ಲಿರುವ ಈ ಹುಡುಗನಿಗೆ ಅದು ಬಂದದ್ದೆಲ್ಲಿಂದ? ಮತ್ತು ಅವನಿಂದ ಇಷ್ಟೊಂದು ನಿಷ್ಠೆ ಪಡೆಯುವ ನಾವು, ಖಾಸಗಿಯೋ ಸರಕಾರವೋ, ಅವನಿಗೆ ಕೊಟ್ಟ ಮಾತೇನು? ಬಿಟ್ಟುಹೋಗಬಾರದು ಎಂದು ಒಬ್ಬನಿಂದ ಬಯಸುವುದಾದರೆ, ಅವನನ್ನು ನಾವೂ ಬಿಡಬಾರದು. ಈ ಎರಡನೆಯ ಅರ್ಧವನ್ನು ಸೇನೆ ಒಂದು ಕಾಲದಲ್ಲಿ ಪಾಲಿಸುತ್ತಿತ್ತು ಎಂಬುದೇ ಮಾವನ ಮಾತಿನ ತಿರುಳಾಗಿತ್ತು. ಗುತ್ತಿಗೆಯಲ್ಲಿ ಮೊದಲು ಕಳೆದುಹೋಗುವುದೂ ಅದೇ.

ಹಿಂದಿರುಗುವಾಗ ಮಾವ ಸಹಜವಾಗಿ ಕೇಳಿದರು, "ಈ ಲೈನು ಕಾಡಿನೊಳಗೆ ಯಾಕೆ ಬಂತು ಮಾರಾಯ? ನಿಮ್ಮ ತೋಟದ ಬದಿಯಲ್ಲಿ ನೇರ ಹೋಗಬಹುದಿತ್ತಲ್ಲ?"

ಹೋಗಬಹುದಿತ್ತು. ಮೂವತ್ತು ವರ್ಷದ ಹಿಂದೆ ಆ ಆರು ಮನೆಗಳಿಗೆ ಲೈನು ಎಳೆಯುವಾಗ ಮೊದಲು ಗುರುತು ಹಾಕಿದ್ದು ನಮ್ಮ ತೋಟದ ಅಂಚಿನಲ್ಲೇ. ಅಪ್ಪ ಆಕ್ಷೇಪಣೆ ಬರೆದು ಕೊಟ್ಟರು. ಮೂವತ್ತೆರಡು ಅಡಿಕೆ ಮರ ಹೋಗುತ್ತಿತ್ತು. ಫಲ ಕೊಡುವ ಮರಗಳು, ಅಪ್ಪ ಕಳ್ಳರಲ್ಲ, ಕೆಟ್ಟವರೂ ಅಲ್ಲ. ಲೈನು ಸುತ್ತು ಹಾಕಿ ಕಾಡು ಹೊಕ್ಕಿತು. ಆ ಮನೆಗಳಿಗೆ ಕರೆಂಟು ಎರಡು ವರ್ಷ ತಡವಾಗಿ ಬಂತು. ಅಂದಿನಿಂದ ಪ್ರತಿ ಮಳೆಗಾಲದಲ್ಲಿ ಅಲ್ಲಿ ಮರ ಬೀಳುತ್ತದೆ, ಯಾರೋ ಒಬ್ಬ ಹುಡುಗ ರಾತ್ರಿ ಕಾಡಿಗೆ ಹೋಗುತ್ತಾನೆ. ಸುಳ್ಯಕ್ಕೆ 110 ಕೆ.ವಿ. ಮಾರ್ಗ ಬರಬೇಕೆಂದು ವರ್ಷಗಟ್ಟಲೆ ಒತ್ತಾಯಿಸಿದ ತಾಲೂಕು ನಮ್ಮದು. ಅದು ನಮ್ಮ ಜಾಗದ ಮೇಲೆ ಬೇಡ ಎಂದವರೂ ನಾವೇ.

ಸರಕಾರ ಮಾರಬಾರದು, ಕಂಪೆನಿ ಬಿಟ್ಟುಹೋಗಬಾರದು, ಲೈನ್‌ಮ್ಯಾನ್ ರಾತ್ರಿಯೇ ಬರಬೇಕು. ಇದೆಲ್ಲ ನಾನು ಇತರರಿಂದ ಕೇಳುವ ಹೊಣೆ. ತೋಟದ ಬೇಲಿಯ ಒಳಗೆ ಮಾತ್ರ ನಾನು ಖಾಸಗಿ. ಸಾರ್ವಜನಿಕವಾದದ್ದು ಉಳಿಯಬೇಕೆಂದು ನಿಜವಾಗಿ ಬಯಸುವವನು ಅದಕ್ಕೆ ಹಾದುಹೋಗಲು ಸ್ವಲ್ಪ ಜಾಗ ಬಿಡಬೇಕು. ಜಾಗ ಕೊಡದೆ ಘೋಷಣೆ ಮಾತ್ರ ಕೂಗಿದರೆ, ಕೊಳ್ಳಲು ಬರುವವನ ಕೆಲಸ ಸುಲಭ.

ಮರುವಾರ ಟೇಪು ಹಿಡಿದು ಅಂಚನ್ನು ಅಳೆದೆ. ಈಗಿನ ಲೆಕ್ಕದಲ್ಲಿ ಇಪ್ಪತ್ತೊಂಬತ್ತು ಮರ ಹೋಗುತ್ತದೆ. ಲೈನನ್ನು ನಮ್ಮ ತೋಟದ ಬದಿಗೆ ಬದಲಿಸಲು ಒಪ್ಪಿಗೆಯಿದೆ ಎಂದು ಅರ್ಜಿ ಬರೆದಿಟ್ಟಿದ್ದೇನೆ. ಜಾಗ ಅಮ್ಮನ ಹೆಸರಿನಲ್ಲಿದೆ. ಆ ಮರಗಳನ್ನು ಅಪ್ಪನೊಂದಿಗೆ ನೆಟ್ಟವರು ಅವರು. ಅವರ ಸಹಿ ಕೇಳಲು ಇನ್ನೂ ನನಗೆ ಬಾಯಿ ಬಂದಿಲ್ಲ. ಅರ್ಜಿ ಇನ್ವರ್ಟರಿನ ಮೇಲೆಯೇ ಇದೆ, ದಿನಕ್ಕೆರಡು ಸಲ ಕಣ್ಣಿಗೆ ಬೀಳುತ್ತದೆ.